ಬಿರಡೆ ಆರು, ತಂತಿ ಐದು: ಹಳೆ ಬ್ಯಾಂಜೊ ಯಾವುದು, ಎಲ್ಲಿಯದು ಅಂತ ತಿಳಿಯೋದು ಹೇಗೆ?

ಹೋದ ತಿಂಗಳು ನನ್ನ ಚಿಕ್ಕಪ್ಪನ ಮಗ ಹಳೆ ಮಿಕ್ಸಿ ಮೋಟಾರ್ ಹುಡುಕಿಕೊಂಡು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ಹೋಗಿದ್ದ. ಸಂಜೆ ಕೋಲಾರಕ್ಕೆ ವಾಪಸ್ ಬಂದಾಗ ಕೈಯಲ್ಲಿ ಮೋಟಾರ್ ಇರಲಿಲ್ಲ. ಅಕ್ಕಿ ಚೀಲದಲ್ಲಿ ಸುತ್ತಿದ ಒಂದು ಬ್ಯಾಂಜೊ ಇತ್ತು. ಗುಜರಿ ಅಂಗಡಿಯವರು ಎರಡು ಸಾವಿರ ಹೇಳಿ 1,400ಕ್ಕೆ ಕೊಟ್ಟರಂತೆ. "ಬ್ರಿಟಿಷ್‌ನೋರ ಕಾಲದ್ದು, ಯಾವುದೋ ಬಂಗಲೆ ಖಾಲಿ ಮಾಡಿದಾಗ ಬಂತು. ಒಂದು ತಂತಿ ಕಿತ್ತೋಗಿದೆ, ಹಾಕಿಸ್ಕೊಳ್ಳಿ" ಅಂತ ಹೇಳಿ ಕಳಿಸಿದ್ದರು.

ನೋಡಿದರೆ ಹೌದು. ತುದಿಯಲ್ಲಿ ತಂತಿ ಬಿಗಿಯುವ ಬಿರಡೆ ಆರು, ಇದ್ದ ತಂತಿ ಐದು.

ಅದರ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದೇ ಹಾಕಿದ್ದು, ವಾರದೊಳಗೆ ನಾಲ್ಕು ಜನ ಕೇಳಿದರು. "ನಮ್ಮನೇಲೂ ಒಂದು ಹಳೆ ಬ್ಯಾಂಜೊ ಇದೆ, ಯಾವ ಕಂಪನಿದು ನೋಡಿ ಹೇಳಿ." ನಾನು ವಾದ್ಯ ಮಾಡುವವನಲ್ಲ. ಹಳೆ ವಾದ್ಯ ಬಿಚ್ಚಿ ನೋಡುವ ಚಟ ಇದೆ, ಅಷ್ಟೇ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಗೊತ್ತಿರುವುದನ್ನು ಇಲ್ಲಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಇದನ್ನು ಕೇಳಿಕೊಳ್ಳಿ: ಯಾವ ಬ್ಯಾಂಜೊ?

ಕೇಳಿದ ಆ ನಾಲ್ಕು ಜನರಲ್ಲಿ ಮೂವರ ಮನೆಯಲ್ಲಿದ್ದದ್ದು ನಾನು ಅಂದುಕೊಂಡ ಬ್ಯಾಂಜೊ ಅಲ್ಲವೇ ಅಲ್ಲ. ಅದು ಬುಲ್‌ಬುಲ್ ತರಂಗ್. ಉದ್ದನೆಯ ಮರದ ಪೆಟ್ಟಿಗೆ, ಮೇಲೆ ತಂತಿಗಳು, ತಂತಿಯ ಮೇಲೆ ಟೈಪ್‌ರೈಟರ್ ತರಹದ ಗುಂಡನೆಯ ಬಟನ್‌ಗಳು. ಎಡಗೈಯಲ್ಲಿ ಬಟನ್ ಒತ್ತಿ, ಬಲಗೈಯಲ್ಲಿ ತಂತಿ ಮೀಟುತ್ತಾರೆ. ನಮ್ಮಲ್ಲಿ ಭಜನೆ ಮಂಡಳಿಯಲ್ಲಿ, ಆರ್ಕೆಸ್ಟ್ರಾದಲ್ಲಿ "ಬ್ಯಾಂಜೊ ಬಾರಿಸ್ತಾನೆ" ಅಂದರೆ ಹೆಚ್ಚಿನ ಸಲ ಇದೇ. ಮುಂಬೈ ಕಡೆ ಗಣೇಶನ ಮೆರವಣಿಗೆಯಲ್ಲಿ ಬ್ಯಾಂಜೊ ಪಾರ್ಟಿ ಅಂತ ಬರುತ್ತದಲ್ಲ, ಅದೂ ಇದೇ ವಾದ್ಯ. ತಂತಿಯ ನಡುಕ ಹಿಡಿಯುವ ಪಿಕಪ್ ಹಾಕಿ ಆಂಪ್ಲಿಫೈಯರ್‌ಗೆ ಜೋಡಿಸಿರುತ್ತಾರೆ, ಅಷ್ಟೇ ವ್ಯತ್ಯಾಸ.

ಇದರ ಮೂಲ ಜಪಾನ್. 1912ರಲ್ಲಿ ನಗೋಯಾ ಊರಿನ ಗೊರೊ ಮೊರಿತಾ ಎಂಬುವರು ಇದನ್ನು ಮಾಡಿದರು. ಅದೇ ವರ್ಷ ಜಪಾನಿನಲ್ಲಿ ತೈಶೋ ಚಕ್ರವರ್ತಿಯ ಕಾಲ ಶುರುವಾಗಿತ್ತು. ಕೋತೊ ಅನ್ನುವುದು ಅವರ ಹಳೆಯ ತಂತಿವಾದ್ಯ. ಎರಡೂ ಸೇರಿ ತೈಶೋಗೋತೊ ಅಂತ ಹೆಸರಾಯಿತು. ಅದು ಹಡಗು ಹತ್ತಿ ನಮ್ಮ ದೇಶಕ್ಕೆ ಬಂದು ಬುಲ್‌ಬುಲ್ ತರಂಗ್ ಆಯಿತು, ಬಲೂಚಿಸ್ತಾನದಲ್ಲಿ ಬೆಂಜು ಆಯಿತು. ನಿಮ್ಮ ಬಳಿ ಇರುವುದು ಜಪಾನಿನದೋ ಇಲ್ಲಿಯದೋ ನೋಡಬೇಕಾದರೆ ಬಟನ್ ನೋಡಿ. 1, 2, 3 ಅಂತ ಅಂಕಿಗಳಿದ್ದು, ಕೆಲವು ಅಂಕಿಗಳ ಕೆಳಗೆ ಅಥವಾ ಮೇಲೆ ಚುಕ್ಕಿ ಇದ್ದರೆ ಅದು ಜಪಾನಿನ ಪದ್ಧತಿ. ಕೆಳಗಿನ ಚುಕ್ಕಿ ಮಂದ್ರ, ಮೇಲಿನ ಚುಕ್ಕಿ ತಾರ. ನಮ್ಮ ಸಂಗೀತ ಪುಸ್ತಕಗಳಲ್ಲಿ ಸ್ವರಕ್ಕೆ ಚುಕ್ಕಿ ಇಟ್ಟ ಹಾಗೆಯೇ. ಆಮೇಲೆ ಪೆಟ್ಟಿಗೆ ಮಗುಚಿ, ತಳದಲ್ಲಿ ಜಪಾನಿ ಲಿಪಿಯ ಚೀಟಿ ಏನಾದರೂ ಉಳಿದಿದೆಯಾ ನೋಡಿ.

ಬುಲ್‌ಬುಲ್ ತರಂಗ್ ಬಗ್ಗೆ ಇಷ್ಟು ಸಾಕು. ಇನ್ನು ಮುಂದೆ ಹೇಳುವುದೆಲ್ಲ ಆ ಗುಂಡನೆಯ, ಚರ್ಮ ಹೊದಿಸಿದ, ಉದ್ದ ಕತ್ತಿನ ಬ್ಯಾಂಜೊ ಬಗ್ಗೆ.

ತಮಟೆಗೆ ದಂಡಿ ಕಟ್ಟಿದರೆ

ಕೋಲಾರ, ಚಿಕ್ಕಬಳ್ಳಾಪುರ ಕಡೆಯವರಿಗೆ ಬ್ಯಾಂಜೊ ಅರ್ಥ ಮಾಡಿಸುವುದು ಸುಲಭ, ಯಾಕೆಂದರೆ ತಮಟೆ ಎಲ್ಲರಿಗೂ ಗೊತ್ತು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ತಮಟೆಗೇ. ಒಂದು ಬಳೆ, ಅದರ ಮೇಲೆ ಬಿಗಿದ ಚರ್ಮ. ಆ ಬಳೆಗೆ ಒಂದು ದಂಡಿ ಸಿಕ್ಕಿಸಿ, ದಂಡಿಯ ತುದಿಯಿಂದ ಚರ್ಮದ ಮೇಲಕ್ಕೆ ತಂತಿ ಎಳೆದು, ನಡುವೆ ಒಂದು ಪುಟ್ಟ ಮರದ ಕುದುರೆ ನಿಲ್ಲಿಸಿ. ಅದೇ ಬ್ಯಾಂಜೊ. ತಂತಿ ಮೀಟಿದಾಗ ಕುದುರೆ ನಡುಗುತ್ತದೆ, ಕುದುರೆ ಚರ್ಮವನ್ನು ನಡುಗಿಸುತ್ತದೆ. ಅದಕ್ಕೇ ಆ ಟಣ್ ಟಣ್ ಸದ್ದು ಅಷ್ಟು ಜೋರು, ಅಷ್ಟೇ ಬೇಗ ನಿಂತೂ ಹೋಗುತ್ತದೆ.

ತಮಟೆ ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಚರ್ಮ ಬಿಗಿಯಾಗಲಿ ಅಂತ. ಬ್ಯಾಂಜೊದಲ್ಲಿ ಆ ಬೆಂಕಿಯ ಕೆಲಸವನ್ನು ಕೊಕ್ಕೆ ಮತ್ತು ನಟ್ಟು ಮಾಡುತ್ತವೆ. ಬಳೆಯ ಸುತ್ತ ಸಾಲಾಗಿ ನಿಂತಿರುವ ಲೋಹದ ಕೊಕ್ಕೆಗಳನ್ನು ಬಿಗಿದಷ್ಟೂ ಚರ್ಮ ಬಿಗಿಯಾಗುತ್ತದೆ. ಈ ಕೊಕ್ಕೆ ಎಷ್ಟಿವೆ ಅಂತ ಎಣಿಸಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದು ಅಮೆರಿಕದ ವಾದ್ಯ ಅಂತ ಎಲ್ಲರೂ ಹೇಳುತ್ತಾರೆ. ಬೇರು ಇರುವುದು ಪಶ್ಚಿಮ ಆಫ್ರಿಕಾದಲ್ಲಿ. ಅಲ್ಲಿಂದ ಗುಲಾಮರನ್ನಾಗಿ ಹಿಡಿದು ತಂದ ಜನ ಕೆರಿಬಿಯನ್ ದ್ವೀಪಗಳಲ್ಲಿ, ಅಮೆರಿಕದಲ್ಲಿ ಸೋರೆ ಬುರುಡೆಗೆ ಚರ್ಮ ಹೊದಿಸಿ, ಕೋಲು ಸಿಕ್ಕಿಸಿ ನುಡಿಸುತ್ತಿದ್ದರು. ನಮ್ಮ ಏಕತಾರಿಯ ಬುರುಡೆ ನೆನಪಿಸಿಕೊಳ್ಳಿ. ಬುರುಡೆ ಹೋಗಿ ಮರದ ಬಳೆ ಬಂದದ್ದು, ಅಂಗಡಿಯಲ್ಲಿ ಮಾರುವ ಸರಕಾದದ್ದು 1840ರ ದಶಕದಲ್ಲಿ. ಬಾಲ್ಟಿಮೋರ್ ಊರಿನ ವಿಲಿಯಂ ಬೌಷರ್ ಆಗ ಬ್ಯಾಂಜೊ ಮಾಡಿ ಮಾರುತ್ತಿದ್ದವರಲ್ಲಿ ಮುಖ್ಯ.

ತಂತಿ ಎಣಿಸಿ, ಮೆಟ್ಟಿಲು ಎಣಿಸಿ

ಕಂಪನಿ ಹೆಸರು ಹುಡುಕುವ ಮುಂಚೆ ಜಾತಿ ಗೊತ್ತಾಗಬೇಕು. ಅದಕ್ಕೆ ಬೆರಳು ಸಾಕು. ಮೆಟ್ಟಿಲು ಅಂದರೆ ದಂಡಿಯ ಮೇಲೆ ಅಡ್ಡಡ್ಡ ಇರುವ ಲೋಹದ ಸಣ್ಣ ಪಟ್ಟಿಗಳು.

ಐದು ತಂತಿ ಇದ್ದು, ಐದನೆಯದು ಗಿಡ್ಡವಾಗಿದ್ದರೆ, ಅದರ ಬಿರಡೆ ದಂಡಿಯ ಪಕ್ಕದಲ್ಲಿ ಐದನೇ ಮೆಟ್ಟಿಲ ಬಳಿ ಒಂಟಿಯಾಗಿ ನಿಂತಿದ್ದರೆ, ಅದು ಮಾಮೂಲಿ ಐದು ತಂತಿಯ ಬ್ಯಾಂಜೊ. ಆ ಗಿಡ್ಡ ತಂತಿ ಯಾಕೆ? ವೀಣೆಯಲ್ಲಿ ಪಕ್ಕಕ್ಕೆ ಮೂರು ತಾಳದ ತಂತಿ ಇರುತ್ತವಲ್ಲ, ಅವನ್ನು ಮೆಟ್ಟಿಲ ಮೇಲೆ ಒತ್ತುವುದಿಲ್ಲ, ಸುಮ್ನೆ ಮೀಟುತ್ತಾ ಇರುತ್ತೇವೆ. ಇದೂ ಹಾಗೆಯೇ. ಒಂದೇ ಸ್ವರ ಮತ್ತೆ ಮತ್ತೆ ಬರುತ್ತಿರುತ್ತದೆ.

ನಾಲ್ಕು ತಂತಿ ಇದ್ದರೆ ಮೆಟ್ಟಿಲು ಎಣಿಸಬೇಕು. 17 ಅಥವಾ 19 ಇದ್ದರೆ ಟೆನರ್ ಬ್ಯಾಂಜೊ. 22 ಇದ್ದು ದಂಡಿ ಉದ್ದವಾಗಿದ್ದರೆ ಪ್ಲೆಕ್ಟ್ರಮ್ ಬ್ಯಾಂಜೊ. ತೊಡೆ ಮೇಲೆ ಮಗುವಿನಂತೆ ಕೂರುವಷ್ಟು ಚಿಕ್ಕದಿದ್ದರೆ ಬ್ಯಾಂಜೊ ಯುಕುಲೆಲಿ. 1920, 30ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇದರ ಹುಚ್ಚು ಜಾಸ್ತಿ ಇತ್ತು, ಹಾಸ್ಯ ನಟ ಜಾರ್ಜ್ ಫಾರ್ಮ್‌ಬಿ ಅದನ್ನು ಹಿಡಿದೇ ಹೆಸರು ಮಾಡಿದವರು. ಎಂಟು ತಂತಿ ಜೋಡಿ ಜೋಡಿಯಾಗಿದ್ದರೆ ಬ್ಯಾಂಜೊ ಮ್ಯಾಂಡೊಲಿನ್. ಆರು ಇದ್ದರೆ ಗಿಟಾರ್ ಬ್ಯಾಂಜೊ, ಗಿಟಾರ್ ಬರುವವರು ಹೊಸದಾಗಿ ಏನೂ ಕಲಿಯದೆ ನುಡಿಸಲಿ ಅಂತ ಮಾಡಿದ್ದು.

ಈ ಎಣಿಕೆಯಿಂದಲೇ ಕಾಲವೂ ಸ್ವಲ್ಪ ತಿಳಿಯುತ್ತದೆ. ಟೆನರ್ ಬ್ಯಾಂಜೊ ಜೋರಾಗಿ ಓಡಿದ್ದು 1920ರ ದಶಕದ ಜಾಝ್ ಕಾಲದಲ್ಲಿ. 1930ರ ಹೊತ್ತಿಗೆ ಗಿಟಾರ್ ಬಂದು ಅದರ ಜಾಗ ಹಿಡಿಯಿತು. ಹಾಗಾಗಿ ಹಳೆಯ ನಾಲ್ಕು ತಂತಿಯದು ಸಿಕ್ಕರೆ ಆ ಹತ್ತು ವರ್ಷದ್ದಾಗಿರುವ ಸಾಧ್ಯತೆಯೇ ಹೆಚ್ಚು. ಐದು ತಂತಿಯದ್ದು 1945ರ ನಂತರ ಅಮೆರಿಕದ ವಾದಕ ಅರ್ಲ್ ಸ್ಕ್ರಗ್ಸ್ ಅವರ ಮೂರು ಬೆರಳಿನ ನುಡಿಸಾಣಿಕೆಯಿಂದ ಮತ್ತೆ ಎದ್ದು ಬಂತು. ದಂಡಿ ಅಸಾಧ್ಯ ಉದ್ದವಾಗಿದ್ದು, 25 ಮೆಟ್ಟಿಲಿದ್ದರೆ ಅದು ಅಮೆರಿಕದ ಜನಪದ ಗಾಯಕ ಪೀಟ್ ಸೀಗರ್ ಬಳಕೆಗೆ ತಂದ ಮಾದರಿ. ಕಂಪನಿಗಳು ಅದನ್ನು ಮಾಡಲು ಶುರು ಮಾಡಿದ್ದು 1950ರ ದಶಕದ ಕೊನೆಯಲ್ಲಿ. ಅಂಥದ್ದನ್ನು ಯಾರಾದರೂ "ನೂರು ವರ್ಷದ್ದು ಸಾರ್" ಅಂದರೆ ನಕ್ಕು ಸುಮ್ಮನಾಗಿ.

ಹೆಸರು ಕಂಡ ಕೂಡಲೇ ನಂಬಬೇಡಿ

ನಾಲ್ಕನೆಯವರು ಕಳಿಸಿದ ಫೋಟೊದಲ್ಲಿ ನಿಜವಾದ ಬ್ಯಾಂಜೊ ಇತ್ತು. ಜೊತೆಗೆ ಸಂದೇಶ: "ಕಂಪನಿ ಗೊತ್ತಾಯ್ತು, ರೆಮೊ. ಮಾಡೆಲ್ ವೆದರ್ ಕಿಂಗ್."

ಪಾಪ, ಅವರ ತಪ್ಪಲ್ಲ. ಚರ್ಮದ ಬದಲು ಹಾಕುವ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಕಿರೀಟದ ಚಿತ್ರದ ಜೊತೆ ಹಾಗೇ ಅಚ್ಚಾಗಿರುತ್ತದೆ. ಆದರೆ ರೆಮೊ ಅನ್ನುವುದು ಆ ಹೊದಿಕೆ ಮಾಡಿದ ಕಂಪನಿ, 1957ರಲ್ಲಿ ಶುರುವಾದದ್ದು. ಡ್ರಮ್‌ಗೂ ಅವರದೇ ಹೊದಿಕೆ, ಬ್ಯಾಂಜೊಗೂ ಅವರದೇ. ಎಂಆರ್‌ಎಫ್ ಟೈರ್ ನೋಡಿ ಬೈಕ್ ಕಂಪನಿ ಎಂಆರ್‌ಎಫ್ ಅಂದ ಹಾಗೆ ಆಗುತ್ತದೆ. ಅದರಿಂದ ತಿಳಿಯುವುದು ಒಂದೇ: ಈ ಪ್ಲಾಸ್ಟಿಕ್ ಹೊದಿಕೆ 1957ಕ್ಕಿಂತ ಹಿಂದಿನದಲ್ಲ. ವಾದ್ಯ ಅದಕ್ಕಿಂತ ಹಳೆಯದಿರಬಹುದು. ಹೊದಿಕೆ ಹರಿದರೆ ಬದಲಾಯಿಸುತ್ತಾರೆ, ತಮಟೆಗೆ ಹೊಸ ಚರ್ಮ ಹಾಕಿಸಿದಂತೆ.

ಬಿರಡೆಗಳಿರುವ ತಲೆಯ ಮೇಲೆ ಹೆಸರಿದ್ದರೆ? ಅದು ಕೂಡ ಮಾಡಿದವರ ಹೆಸರೇ ಆಗಿರಬೇಕಿಲ್ಲ. ಕೋಲಾರದ ಎಪಿಎಂಸಿಗೆ ಹೋಗಿ ಟೊಮೆಟೊ ಕ್ರೇಟ್ ನೋಡಿ. ಕ್ರೇಟ್ ಮೇಲೆ ಬಣ್ಣದಲ್ಲಿ ಬರೆದಿರುವುದು ಮಂಡಿಯ ಹೆಸರು, ಬೆಳೆದ ರೈತನ ಹೆಸರಲ್ಲ. ಬ್ಯಾಂಜೊ ವ್ಯಾಪಾರವೂ ಹೀಗೇ ನಡೆದಿದೆ. ಅಮೆರಿಕದ ಸಿಯರ್ಸ್ ಅಂಗಡಿ ಸಿಲ್ವರ್‌ಟೋನ್ ಅನ್ನೋ ಹೆಸರಿನಲ್ಲಿ ವಾದ್ಯ ಮಾರುತ್ತಿತ್ತು, ಮಾಡಿಕೊಡುತ್ತಿದ್ದವರು ಹಾರ್ಮನಿ, ಕೇ ತರಹದ ಕಾರ್ಖಾನೆಗಳು. ಇಂಗ್ಲೆಂಡಿನಲ್ಲೂ ಬೇರೆಯವರಿಂದ ಮಾಡಿಸಿಕೊಂಡು ತಮ್ಮ ಹೆಸರು ಒತ್ತಿ ಮಾರಿದ ಅಂಗಡಿಗಳು ಬೇಕಾದಷ್ಟಿದ್ದವು.

ಇನ್ನೊಂದು ಗೊಂದಲ ಮಾಡೆಲ್ ಹೆಸರಿನದು. ಮಾಸ್ಟರ್‌ಟೋನ್ ಅಂತ ದಂಡಿಯ ಕೊನೆಯಲ್ಲಿ ಚಿಪ್ಪಿನ ಪಟ್ಟಿಯಲ್ಲಿ ಕೆತ್ತಿದ್ದರೆ ಅದು ಗಿಬ್ಸನ್ ಕಂಪನಿಯ ಮೇಲ್ದರ್ಜೆಯ ಸಾಲು, 1920ರ ದಶಕದಲ್ಲಿ ಬಂದದ್ದು. 1970ರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಅದನ್ನೇ ನೋಡಿ ತದ್ರೂಪು ಮಾಡಿದವು. ಅದೇ ಜಾಗದಲ್ಲಿ ಅದೇ ಅಳತೆಯ ಪಟ್ಟಿ ಇರುತ್ತದೆ, ಒಳಗಿನ ಪದ ಬೇರೆ. ದೂರದಿಂದ ತೆಗೆದ ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅಕ್ಷರ ಓದುವಷ್ಟು ಹತ್ತಿರದ ಫೋಟೊ ಕೇಳಿ.

ತಿರುಗಿಸಿ, ಒಳಗೆ ನೋಡಿ

ಹಳೆ ಬೈಕ್ ಕೊಳ್ಳುವವರು ಟ್ಯಾಂಕ್ ಮೇಲಿನ ಸ್ಟಿಕ್ಕರ್ ನೋಡುವುದಿಲ್ಲ, ಚಾಸಿಸ್ ನಂಬರ್ ನೋಡುತ್ತಾರೆ. ಬ್ಯಾಂಜೊದ ಚಾಸಿಸ್ ನಂಬರ್ ಒಳಗಿರುತ್ತದೆ.

ಹಿಂಭಾಗ ತೆರೆದಿದ್ದರೆ ಸುಮ್ನೆ ಮಗುಚಿದರೆ ಸಾಕು. ಮರದ ಮುಚ್ಚಳ ಇದ್ದರೆ ಅದರ ಹೆಸರು ರೆಸೊನೇಟರ್, ಸದ್ದನ್ನು ಮುಂದಕ್ಕೆ ತಳ್ಳಲು ಇರುವುದು. ಸುತ್ತ ನಾಲ್ಕು ಕೈತಿರುಪು ಸ್ಕ್ರೂ ಇರುತ್ತವೆ, ಇಲ್ಲವೇ ನಡುವೆ ಒಂದೇ ಇರುತ್ತದೆ. ಬಿಚ್ಚಿದರೆ ಮುಚ್ಚಳ ಬರುತ್ತದೆ. ಬಲವಂತ ಮಾಡಬೇಡಿ.

ಒಳಗೆ ಮೊದಲು ಕಾಣುವುದು ಬಳೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಅಡ್ಡಗೋಲು. ಅದು ಮರದ ಕೋಲಾಗಿದ್ದರೆ ಹಳೆಯ ಪದ್ಧತಿ, ಒಂದೋ ಎರಡೋ ಲೋಹದ ಸರಳುಗಳಾಗಿದ್ದರೆ 1920ರ ದಶಕದಿಂದೀಚೆಗೆ ಗಿಬ್ಸನ್ ಬಳಸಿ ಆಮೇಲೆ ಎಲ್ಲರೂ ಹಿಡಿದ ಪದ್ಧತಿ. ಮರದ ಕೋಲಿನ ಮೇಲೆಯೇ ಹಳೆ ತಯಾರಕರು ಹೆಸರು, ಊರು, ಸಂಖ್ಯೆ ಒತ್ತುತ್ತಿದ್ದರು. ಫಿಲಡೆಲ್ಫಿಯಾದ ಎಸ್. ಎಸ್. ಸ್ಟೂವರ್ಟ್, ಬಾಸ್ಟನ್ನಿನ ಫೇರ್‌ಬ್ಯಾಂಕ್ಸ್ ಮತ್ತು ವೇಗಾ, ಇವರೆಲ್ಲ ಹಾಗೆ ಮಾಡಿದವರು. ವೇಗಾ ಕಂಪನಿ ಫೇರ್‌ಬ್ಯಾಂಕ್ಸ್ ಅನ್ನು ಕೊಂಡದ್ದು 1904ರಲ್ಲಿ. ಹಾಗಾಗಿ ಕೋಲಿನ ಮೇಲೆ ಎರಡೂ ಹೆಸರು ಒಟ್ಟಿಗೆ ಇದ್ದರೆ ಅದು 1904ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಒಂದು ಸಾಲಿನ ಅಚ್ಚಿನಿಂದ ಇಷ್ಟು ಸಿಗುತ್ತದೆ.

ಎರಡನೇ ಮಹಾಯುದ್ಧದ ಹಿಂದಿನ ಗಿಬ್ಸನ್ ಆಗಿದ್ದರೆ ಬಳೆಯ ಒಳಗೋಡೆಯಲ್ಲಿ ನಾಲ್ಕಂಕಿ, ಅಡ್ಡಗೆರೆ, ಮತ್ತೆ ಒಂದೆರಡು ಅಂಕಿ ಇರುತ್ತದೆ. ಮೊದಲನೆಯದು ಕಾರ್ಖಾನೆಯಲ್ಲಿ ಒಟ್ಟಿಗೆ ಮಾಡಿದ ವಾದ್ಯಗಳ ತಂಡದ (ಬ್ಯಾಚ್) ಸಂಖ್ಯೆ, ಎರಡನೆಯದು ಆ ತಂಡದಲ್ಲಿ ಇದು ಎಷ್ಟನೆಯದು ಅಂತ. ಅದೇ ಸಂಖ್ಯೆ ಮುಚ್ಚಳದ ಒಳಗೂ ಇರಬೇಕು. ಎರಡೂ ಹೊಂದಿದರೆ ಬಳೆ, ಮುಚ್ಚಳ ಹುಟ್ಟಿನಿಂದ ಜೊತೆಗಿವೆ ಅಂತ ಅರ್ಥ. ಹೊಂದದಿದ್ದರೆ ಯಾರೋ ಎರಡು ಬ್ಯಾಂಜೊ ಸೇರಿಸಿ ಒಂದು ಮಾಡಿದ್ದಾರೆ. ದಂಡಿಯ ವಿಷಯದಲ್ಲಂತೂ ಇದು ತುಂಬ ಸಾಮಾನ್ಯ. ಹಳೆ ಟೆನರ್ ಬ್ಯಾಂಜೊದ ನಾಲ್ಕು ತಂತಿಯ ದಂಡಿ ತೆಗೆದು, ಹೊಸ ಐದು ತಂತಿಯ ದಂಡಿ ಹಾಕುತ್ತಾರೆ. ಮೋಸ ಅಂತಲ್ಲ, ನುಡಿಸುವವರಿಗೆ ಬೇಕಾದದ್ದು ಐದು ತಂತಿ. ಆದರೆ ಮಾರುವವರು ಅದನ್ನು ಹೇಳಬೇಕು.

ಸಂಖ್ಯೆ ಬಗ್ಗೆ ಒಂದು ಎಚ್ಚರಿಕೆ. ಕಂಪನಿ ಗೊತ್ತಿಲ್ಲದೆ ಬರೀ ಸಂಖ್ಯೆಯಿಂದ ಏನೂ ಆಗುವುದಿಲ್ಲ. 4217 ಅನ್ನುವುದು ಒಂದು ಕಂಪನಿಯಲ್ಲಿ 1890ರದ್ದಾಗಬಹುದು, ಇನ್ನೊಂದರಲ್ಲಿ 1990ರದ್ದಾಗಬಹುದು. ಊರು ಹೇಳದೆ ಮನೆ ನಂಬರ್ ಕೊಟ್ಟಂತೆ ಅದು.

ಬಳೆ ಮರದ್ದಲ್ಲ, ಎರಕ ಹೊಯ್ದ ಅಲ್ಯೂಮಿನಿಯಂ ಆಗಿದ್ದು, ಕೊಕ್ಕೆಗಳು ಹೆಚ್ಚಾಗಿ 30 ಇದ್ದು, ಎಲ್ಲೂ ಹೆಸರಿಲ್ಲದಿದ್ದರೆ? 1960, 70ರ ದಶಕದಲ್ಲಿ ಜಪಾನಿನಿಂದ, ಆಮೇಲೆ ಕೊರಿಯಾದಿಂದ ರಾಶಿ ರಾಶಿ ಬಂದ ಅಗ್ಗದ ಬ್ಯಾಂಜೊಗಳ ಲಕ್ಷಣ ಇದು. ನಾಲ್ಕನೆಯವರ "ರೆಮೊ" ಕೂಡ ಇದೇ ಆಗಿತ್ತು. ಹಿಂಬದಿಯಲ್ಲಿ ಉಗುರಿನಷ್ಟು ಅಗಲದ ಒಂದು ಬಿಳಚು ಗುರುತು ಕಂಡಿತು, ದೇಶದ ಹೆಸರಿನ ಚೀಟಿ ಉದುರಿಹೋದ ಜಾಗ ಅಂತ ಕಾಣುತ್ತದೆ.

ದೇಶದ ಹೆಸರಿನಲ್ಲೇ ಇಸವಿ

ಚೀಟಿ ಉಳಿದಿದ್ದರೆ ಅದೃಷ್ಟ. ಯಾಕೆಂದರೆ ದೇಶಗಳ ಹೆಸರು ಬದಲಾಗುತ್ತಾ ಬಂದಿವೆ.

ಇಂಗ್ಲೆಂಡಿನಲ್ಲಿ 1887ರ ಕಾಯ್ದೆ, ಅಮೆರಿಕದಲ್ಲಿ 1890ರ ಸುಂಕದ ಕಾಯ್ದೆ ಬಂದ ಮೇಲೆ ಹೊರದೇಶದ ಸರಕಿಗೆ ಮೂಲ ಒತ್ತುವುದು ರೂಢಿಯಾಯಿತು. ಇಂಗ್ಲೆಂಡಿನ ಅಂಗಡಿ ಹೆಸರಿನ ಜೊತೆ ಬರೀ "ಫಾರಿನ್" ಅಂತ ಇದ್ದರೆ ಆ ವಾದ್ಯ ಅಲ್ಲಿಯದಲ್ಲ, ಹೊರಗಿಂದ ತರಿಸಿದ್ದು. ಬರೀ "ಜರ್ಮನಿ" ಅಂತ ಇದ್ದರೆ ಸಾಮಾನ್ಯವಾಗಿ ಎರಡನೇ ಮಹಾಯುದ್ಧಕ್ಕೆ ಮುಂಚಿನದು. "ವೆಸ್ಟ್ ಜರ್ಮನಿ" ಅಂದರೆ 1949ರಿಂದ 1990ರ ನಡುವೆ. "ಆಕ್ಯುಪೈಡ್ ಜಪಾನ್" ಅಂದರೆ ಯುದ್ಧ ಸೋತ ಜಪಾನ್ ಅಮೆರಿಕದ ಸೇನೆಯ ಕೈಯಲ್ಲಿದ್ದ ಕಾಲ, ಅದು ಮುಗಿದದ್ದು 1952ರಲ್ಲಿ. "ಚೆಕೊಸ್ಲೊವಾಕಿಯಾ" ಅಂತಿದ್ದರೆ 1918ಕ್ಕಿಂತ ಹಿಂದಿನದಲ್ಲ, ಆ ದೇಶವೇ ಇರಲಿಲ್ಲ. "ಪಾಕಿಸ್ತಾನ" ಇದ್ದರೂ ಆಶ್ಚರ್ಯ ಬೇಡ. ಸಿಯಾಲ್‌ಕೋಟ್‌ನಲ್ಲಿ ಕ್ರಿಕೆಟ್ ಬ್ಯಾಟ್, ಫುಟ್‌ಬಾಲ್ ಮಾತ್ರ ಅಲ್ಲ, ಬ್ಯಾಗ್‌ಪೈಪ್, ಬ್ಯಾಂಜೊ ಕೂಡ ಮಾಡಿ ರಫ್ತು ಮಾಡುತ್ತಾರೆ.

ಸ್ಕ್ರೂ, ಪೇಟೆಂಟ್, ಅಯಸ್ಕಾಂತ

ನನಗೆ ಈ ಭಾಗ ತುಂಬ ಇಷ್ಟ, ಯಾಕೆಂದರೆ ಮನೆಯಲ್ಲಿ ಇರುವ ಸಾಮಾನಿನಲ್ಲೇ ಆಗುತ್ತದೆ.

ಸ್ಕ್ರೂ ತಲೆ ನೋಡಿ. ಒಂದೇ ಗೆರೆಯ ಸ್ಕ್ರೂ ಯಾವ ಕಾಲದ್ದೂ ಇರಬಹುದು. ಸ್ಟಾರ್ ಸ್ಕ್ರೂ ಮಾತ್ರ ಬಳಕೆಗೆ ಬಂದದ್ದು 1930ರ ದಶಕದ ನಡುವಿನಲ್ಲಿ. ಬಿರಡೆಯ ಪಟ್ಟಿಗಳನ್ನು ಹಿಡಿದ ಸ್ಕ್ರೂಗಳೆಲ್ಲ ಸ್ಟಾರ್ ಆಗಿದ್ದು, ಮರದಲ್ಲಿ ಬೇರೆ ತೂತಿನ ಗುರುತು ಇಲ್ಲದಿದ್ದರೆ ವಾದ್ಯ ಅದಕ್ಕಿಂತ ಹಳೆಯದಲ್ಲ. ಎಲ್ಲ ಗೆರೆ ಸ್ಕ್ರೂ ಇದ್ದು, ಒಂದೆರಡು ಮಾತ್ರ ಸ್ಟಾರ್ ಇದ್ದರೆ ಯಾರೋ ಆಮೇಲೆ ಬದಲಾಯಿಸಿದ್ದಾರೆ. ತೂತು ನೋಡುವುದು ಮುಖ್ಯ. ಸ್ಕ್ರೂ ಬದಲಾದರೂ ಮರದ ತೂತು ಎಲ್ಲಿಗೂ ಹೋಗುವುದಿಲ್ಲ.

ಲೋಹದ ಭಾಗದ ಮೇಲೆ ಅಮೆರಿಕದ ಪೇಟೆಂಟ್ ಸಂಖ್ಯೆ ಇದ್ದರೆ ಅದನ್ನು ಓದಲು ಭೂತಗನ್ನಡಿ ಹಿಡಿಯಿರಿ. ಅಮೆರಿಕದಲ್ಲಿ 10 ಲಕ್ಷದ ಪೇಟೆಂಟ್ ಕೊಟ್ಟದ್ದು 1911ರಲ್ಲಿ, 20 ಲಕ್ಷದ್ದು 1935ರಲ್ಲಿ, 30 ಲಕ್ಷದ್ದು 1961ರಲ್ಲಿ. ಸಂಖ್ಯೆ ಇವುಗಳ ನಡುವೆ ಎಲ್ಲಿ ಬೀಳುತ್ತದೆ ನೋಡಿದರೆ ಅಂದಾಜು ಸಿಗುತ್ತದೆ. ಇದು ವಾದ್ಯ ಮಾಡಿದ ವರ್ಷವಲ್ಲ, ಆ ಉಪಾಯ ನೋಂದಾಯಿಸಿದ ವರ್ಷ. ವಾದ್ಯ ಹತ್ತು, ಹದಿನೈದು ವರ್ಷ ಆಮೇಲಿನದೂ ಆಗಬಹುದು, ಮುಂಚಿನದಂತೂ ಅಲ್ಲ. ಹಳೆ ವಸ್ತುವಿನಲ್ಲಿ ಸಿಗುವ ಗುರುತುಗಳೆಲ್ಲ ಹೆಚ್ಚುಕಮ್ಮಿ ಹೀಗೇ, "ಇದಕ್ಕಿಂತ ಹಿಂದಿನದಲ್ಲ" ಅಂತ ಮಾತ್ರ ಹೇಳುತ್ತವೆ.

ಇನ್ನು ಅಯಸ್ಕಾಂತ. ಹಳೆ ಸ್ಪೀಕರ್‌ನಿಂದ ಕಿತ್ತದ್ದು ಸಾಕು. ಒಳ್ಳೆಯ ಬ್ಯಾಂಜೊಗಳಲ್ಲಿ ಚರ್ಮದ ಕೆಳಗೆ ಹಿತ್ತಾಳೆ ಅಥವಾ ಕಂಚಿನ ಜಾತಿಯ ಲೋಹದ ದಪ್ಪ ಬಳೆ ಇರುತ್ತದೆ, ಅದಕ್ಕೆ ಟೋನ್ ರಿಂಗ್ ಅನ್ನುತ್ತಾರೆ. ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ, ಅಗ್ಗದ ಉಕ್ಕಿನ ಬಳೆಗೆ ಅಂಟುತ್ತದೆ. ಅಲ್ಯೂಮಿನಿಯಂಗೂ ಅಂಟದು, ಆಗ ತೂಕ ನೋಡಿ. ಟೋನ್ ರಿಂಗ್, ಮುಚ್ಚಳ ಎರಡೂ ಇರುವ ಬ್ಯಾಂಜೊ 5 ಕಿಲೊ ಹತ್ತಿರ ತೂಗುತ್ತದೆ. ಎತ್ತಿದರೆ ಹೂವಿನಂತೆ ಬಂದರೆ ಒಳಗೆ ಆ ಲೋಹ ಇಲ್ಲ.

ನಮ್ಮ ಅಕ್ಕಿ ಚೀಲದ ಬ್ಯಾಂಜೊ

ಈಗ ಆ ಆರನೇ ಬಿರಡೆಗೆ ಬರೋಣ.

ತಂತಿ ನಿಜವಾಗಿ ಕಿತ್ತುಹೋಗಿದೆಯಾ ಅಂತ ನೋಡಲು ದಂಡಿಯ ತುದಿಯ ಮೂಳೆಪಟ್ಟಿ ನೋಡಿದೆ. ತಂತಿ ಕೂರುವ ಕಚ್ಚುಗಳು ಅದರಲ್ಲಿರುತ್ತವೆ. ಆರು ತಂತಿಯ ವಾದ್ಯವಾಗಿದ್ದರೆ ಕಚ್ಚು ಆರಿರಬೇಕು. ಇದ್ದದ್ದು ನಾಲ್ಕೇ. ಐದನೇ ತಂತಿ ಎಲ್ಲಿ ಹೋಗುತ್ತಿದೆ? ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಐದನೇ ಮೆಟ್ಟಿಲ ಪಕ್ಕ ದಂಡಿಯಲ್ಲಿ ಒಂದು ಸಣ್ಣ ತೂತು. ತಂತಿ ಅಲ್ಲಿ ಒಳಗೆ ಹೋಗಿ, ಮರದೊಳಗಿನ ಕೊಳವೆಯಲ್ಲಿ ಹರಿದು, ತುದಿಯ ಹತ್ತಿರ ಹೊರಬಂದು ಬಿರಡೆ ಸೇರುತ್ತಿತ್ತು. "ತಂತಿ ಒಳಗೆ ಸಿಕ್ಕಾಕ್ಕೊಂಡಿದೆ, ಎಳೀಲಾ ಅಣ್ಣ?" ಅಂತ ಚಿಕ್ಕಪ್ಪನ ಮಗ, ನನ್ನ ತಮ್ಮ, ಇಕ್ಕಳ ಹಿಡಿದು ನಿಂತಿದ್ದ. ಸದ್ಯ, ಎಳೆಯಲಿಲ್ಲ.

ಈ ಕೊಳವೆ ಒಂದೇ ಸಾಕು ಜಾತಿ ಹೇಳಲು. ಇದು ಝಿದರ್ ಬ್ಯಾಂಜೊ, ಇಂಗ್ಲೆಂಡಿನ ಮಾದರಿ. ಆಲ್ಫ್ರೆಡ್ ಕ್ಯಾಮೆಯರ್ ಎಂಬ ಅಮೆರಿಕದ ವಾದಕ 1888ರಲ್ಲಿ ಲಂಡನ್ನಿಗೆ ಬಂದು ಇದನ್ನು ಜನಪ್ರಿಯ ಮಾಡಿದರು. ಚಿಕ್ಕ ಚರ್ಮ, ಅದರ ಸುತ್ತ ದೊಡ್ಡ ಮರದ ಬಟ್ಟಲು, ಹಿಂಭಾಗ ಮುಚ್ಚಿರುತ್ತದೆ. ತಂತಿಗಳಲ್ಲಿ ಕೆಲವು ಲೋಹದವು, ಕೆಲವು ಕರುಳಿನವು. ಅದಕ್ಕೇ ಸದ್ದು ಮಾಮೂಲಿ ಬ್ಯಾಂಜೊಗಿಂತ ಮೆತ್ತಗೆ.

ಹಾಗಾದರೆ ಆರನೇ ಬಿರಡೆ ಯಾಕೆ? ಕಾರಣ ಕೇಳಿದರೆ ನಗು ಬರುತ್ತದೆ. ತಯಾರಕರು ಗಿಟಾರ್ ಬಿರಡೆಗಳನ್ನೇ ತಂದು ಹಾಕುತ್ತಿದ್ದರು. ಅವು ಬರುತ್ತಿದ್ದದ್ದು ಒಂದು ಪಟ್ಟಿಗೆ ಮೂರರಂತೆ, ಎರಡು ಪಟ್ಟಿಗೆ ಆರು. ಬೇಕಾದದ್ದು ಐದು. ಒಂದನ್ನು ಕತ್ತರಿಸಿ ತೆಗೆಯುವ ಗೋಜಿಗೆ ಹೋಗದೆ ಹಾಗೇ ಬಿಟ್ಟರು. ಆರನೆಯದಕ್ಕೆ ತಂತಿ ಯಾವತ್ತೂ ಇರಲೇ ಇಲ್ಲ.

ಕಾಲ ಯಾವುದು? ಬಿರಡೆ ಪಟ್ಟಿಯ ಸ್ಕ್ರೂ ಎಲ್ಲವೂ ಗೆರೆಯವು, ಹಳೆ ತೂತಿನ ಗುರುತಿಲ್ಲ. ತಂತಿ ಕಟ್ಟುವ ತಗಡಿನ ಬಳಿ ಎರಡು ಸ್ಟಾರ್ ಸ್ಕ್ರೂ, ಅವುಗಳ ಪಕ್ಕದಲ್ಲೇ ಹಳೆ ತೂತು, ಒಳಗೆ ಮೇಣದಂಥದ್ದೇನೋ ತುಂಬಿದ್ದಾರೆ. ಅಂದರೆ ಅಷ್ಟು ಮಾತ್ರ ಆಮೇಲಿನ ರಿಪೇರಿ. ಬಿರಡೆಗಳ ತಲೆಯ ಹಿಂದೆ ನಾಲ್ಕಂಕಿ ಒತ್ತಿದ್ದಾರೆ, ಹೆಸರಿಲ್ಲ. ಝಿದರ್ ಬ್ಯಾಂಜೊ ಓಡಿದ ಕಾಲ, ಈ ಸ್ಕ್ರೂಗಳು, ಈ ಬಿರಡೆ ಎಲ್ಲ ಸೇರಿಸಿದರೆ 1890ರಿಂದ 1920ರ ದಶಕದ ನಡುವೆ ಅಂತ ಹೇಳಬಹುದು. ಅಷ್ಟೇ. ಹೆಸರಿಲ್ಲದ ಕಾರಣ ಆ ನಾಲ್ಕಂಕಿಯನ್ನು ಯಾವ ಪಟ್ಟಿಯಲ್ಲೂ ಹುಡುಕಲು ಆಗದು.

ಗುಜರಿ ಅಂಗಡಿಯವರ "ಬಂಗಲೆ" ಕಥೆ? ಸುಳ್ಳು ಅನ್ನಲು ಕಾರಣವಿಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕೆಜಿಎಫ್ ಗಣಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು. ಕ್ಲಬ್ಬು, ಚರ್ಚು, ಆಂಗ್ಲೋ ಇಂಡಿಯನ್ ಮನೆಗಳು, ಸಂಜೆಯ ಪಾರ್ಟಿಗಳು ಎಲ್ಲ ಇದ್ದ ಊರು. ಲಂಡನ್ನಿನ ಬ್ಯಾಂಜೊ ಒಬ್ಬರ ಟ್ರಂಕಿನಲ್ಲಿ ಬಂದಿರಬಹುದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳ ಸಾಮಾನು ಗುಜರಿಗೆ ಹೋಗಿದೆ. ಆದರೆ ಬೆಂಗಳೂರಿನ ಯಾವುದೋ ಹರಾಜಿನಿಂದಲೂ ಇದು ಬಂದಿರಬಹುದು. ಹಳೆ ರಸೀದಿ, ಪೆಟ್ಟಿಗೆಯೊಳಗಿನ ವಿಳಾಸ, ಒಂದು ಫೋಟೊ ಇಂಥದ್ದೇನಾದರೂ ಸಿಗುವ ತನಕ ಅದು ಬರೀ ಕಥೆ. ನಾವು ಚೀಟಿಯಲ್ಲಿ ಬರೆದಿಟ್ಟಿರುವುದು ಇಷ್ಟು: "ಝಿದರ್ ಬ್ಯಾಂಜೊ, ಇಂಗ್ಲೆಂಡ್ ಮಾದರಿ, ತಯಾರಕರ ಹೆಸರಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡದ್ದು."

ನಿಮ್ಮದನ್ನು ಯಾರಿಗಾದರೂ ತೋರಿಸುವ ಮುಂಚೆ

ಒರೆಸಲು ಹೋಗಬೇಡಿ. ಹುಣಸೆಹಣ್ಣು, ಬ್ರಾಸೊ, ಸ್ಯಾಂಡ್‌ಪೇಪರ್ ಯಾವುದೂ ಬೇಡ. ಪಾತ್ರೆ ಬೆಳಗಿದಂತೆ ಬೆಳಗಿದರೆ ಒತ್ತಿದ ಅಕ್ಷರ, ಪೆನ್ಸಿಲ್ ಸಂಖ್ಯೆ, ಚೀಟಿಯ ಗುರುತು ಎಲ್ಲ ಅಳಿಸಿಹೋಗುತ್ತವೆ. ಒಣ ಬಟ್ಟೆಯಲ್ಲಿ ಧೂಳು ತೆಗೆದರೆ ಸಾಕು.

ಫೋಟೊ ತೆಗೆಯುವಾಗ ಮಧ್ಯಾಹ್ನದ ಬಿಸಿಲಲ್ಲಿ ಬೇಡ, ಜಗಲಿಯ ನೆರಳಲ್ಲಿ ತೆಗೆಯಿರಿ. ಇಡೀ ಮುಂಭಾಗ, ಇಡೀ ಹಿಂಭಾಗ, ತಲೆಯ ಎರಡೂ ಬದಿ, ಒಳಗಿನ ಅಡ್ಡಗೋಲು, ಒಂದು ಕೊಕ್ಕೆ ಹತ್ತಿರದಿಂದ. ಪಕ್ಕದಲ್ಲಿ ಸ್ಕೇಲ್ ಇಡಿ. ಚರ್ಮದ ಅಗಲ ಬರೆಯಿರಿ. ಈಗಿನ ದೊಡ್ಡ ಬ್ಯಾಂಜೊಗಳಲ್ಲಿ ಅದು 11 ಇಂಚು. ಮೂಳೆಪಟ್ಟಿಯಿಂದ 12ನೇ ಮೆಟ್ಟಿಲಿಗೆ ಎಷ್ಟು ಉದ್ದ ಅಂತ ಅಳೆದು ಎರಡರಿಂದ ಗುಣಿಸಿ. ಕುದುರೆ ಬಿದ್ದುಹೋಗಿದ್ದರೆ ಅದನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಇದರಿಂದಲೇ ತಿಳಿಯುತ್ತದೆ.

ತಂತಿಯ ವಿಷಯ ಕೊನೆಯದು, ಇದರಲ್ಲೇ ಜಾಸ್ತಿ ಜನ ಎಡವುವುದು. ಕರುಳಿನ ತಂತಿಗೆ ಅಂತ ಮಾಡಿದ ಹಳೆ ದಂಡಿ ದಪ್ಪ ಉಕ್ಕಿನ ಗಿಟಾರ್ ತಂತಿಯ ಎಳೆತ ತಡೆಯುವುದಿಲ್ಲ, ಬಿಲ್ಲಿನಂತೆ ಬಾಗುತ್ತದೆ. ನಮ್ಮದಕ್ಕೆ ಯಾರೋ ಐದೂ ಉಕ್ಕಿನ ತಂತಿಯನ್ನೇ ಹಾಕಿದ್ದರು. ದಂಡಿಯ ಮೇಲೆ ಸ್ಕೇಲ್ ಇಟ್ಟರೆ ನಡುವೆ ಒಂದು ರೂಪಾಯಿ ನಾಣ್ಯ ತೂರುವಷ್ಟು ಸಂದು. ಒಂದೇ ಸಲ ಬಿಚ್ಚದೆ, ದಿನಕ್ಕೆ ಸ್ವಲ್ಪ ಸ್ವಲ್ಪ ಎಲ್ಲ ತಂತಿಯನ್ನೂ ಸಡಿಲ ಮಾಡಿದ್ದೇವೆ. ತಮ್ಮ ಈಗ ನೈಲಾನ್ ತಂತಿ ಹುಡುಕುತ್ತಿದ್ದಾನೆ. ಮಿಕ್ಸಿ ಮೋಟಾರ್ ಇನ್ನೂ ಬಂದಿಲ್ಲ, ಚಿಕ್ಕಮ್ಮ ಒರಳಲ್ಲೇ ರುಬ್ಬುತ್ತಿದ್ದಾರೆ.